ಅಂಗಳಕ್ಕೆ ಬಾರದ ಜನ

“ಕೇಳಿರಪ್ಪೋ ಕೇಳಿ! ಹೊಂಬಾಳೆ ಸೀಮೆಯ ಸಮಸ್ತ ಜನ ಕೇಳಿ! ನಮ್ಮ ಅಮ್ಮಣ್ಣಿ ಹೊನ್ನಾಜಿಯವರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವರು ಬೇಡಿದ್ದನ್ನು ಕೊಡಲಾಗುವುದು. ಒಂದು ತಪ್ಪಿದರೂ ಅಮಾವಾಸ್ಯೆಯ ಬೆಳಗ್ಗೆ ಪಟ್ಟದಾನೆಯ ಕಾಲಡಿ! ಇದು ದೊರೆ ಭೈರರಸರ ಆಜ್ಞೆ!”

ಡಂಗುರದವನು ಬೀದಿ ಬೀದಿ ಸಾರಿಕೊಂಡು ಹೋಗುವಾಗ ರಾಜಕುಮಾರಿ ಹೊನ್ನಾಜಿ ಉಪ್ಪರಿಗೆಯ ಕಿಟಕಿಯ ಮರೆಯಲ್ಲಿ ನಿಂತು ಜನರ ಮುಖಗಳನ್ನು ನೋಡುತ್ತಿದ್ದಳು. ಒಂದು ಮುಖದ ಮೇಲೂ ಅವಳಿಗೆ ನಂಬಿಕೆ ಇರಲಿಲ್ಲ.

ಆ ಸೀಮೆಯಲ್ಲಿ ಅರಮನೆಯಿಂದ ಹಿಡಿದು ಹೂವಿನಂಗಡಿಯವರೆಗೆ ಎಲ್ಲ ಮೇಜಿನ ಮೇಲೂ ಕಂಪ್ಯೂಟರ್ ಇತ್ತು. ಎಲ್ಲ ಕಂಪ್ಯೂಟರಿನೊಳಗೂ ಹೊರದೇಶದ ವರ್ತಕರ ‘ಕೋಟೆ’ ಎಂಬ ಕಾರ್ಯವ್ಯವಸ್ಥೆ ಇತ್ತು. ಯಂತ್ರ ಕಣ್ಣು ಬಿಡಬೇಕಾದರೂ, ಹೇಳಿದ ಮಾತು ಕೇಳಬೇಕಾದರೂ ಅದೇ ಬೇಕು. ಅದರ ಒಳಗೇನಿದೆ ಎಂದು ವರ್ತಕರು ಯಾರಿಗೂ ತೋರಿಸರು, ಕಪ್ಪ ಮಾತ್ರ ಬಿಡರು. ಇದನ್ನು ಸಹಿಸದ ಹೊನ್ನಾಜಿ ಸೀಮೆಯ ಜಾಣರನ್ನೆಲ್ಲ ಕೂಡಿಸಿಕೊಂಡು ಇನ್ನೊಂದನ್ನು ಕಟ್ಟಿದಳು. ಹೆಸರು ‘ಅಂಗಳ’. ಅದಕ್ಕೆ ಬೆಲೆ ಇಲ್ಲ, ಬೀಗ ಇಲ್ಲ. ಯಾರು ಬೇಕಾದರೂ ಒಳಗಿನ ಒಂದೊಂದು ಸಾಲನ್ನೂ ಓದಬಹುದು, ತಿದ್ದಬಹುದು, ನೆಂಟರಿಷ್ಟರಿಗೆ ಹಂಚಬಹುದು. ಆದರೂ ಜನ ಕೋಟೆ ಬಿಟ್ಟು ಬರಲಿಲ್ಲ. ಬಂದ ಕೆಲವರೂ ಸದ್ದಿಲ್ಲದೆ ವಾಪಸ್ಸಾದರು. ಕೋಟೆಯವರು ಊರಿಗೆ ಊರನ್ನೇ ಲಂಚ ಕೊಟ್ಟು ಕೊಂಡಿದ್ದಾರೆ ಎಂಬ ಗುಮಾನಿ ಅವಳ ಎದೆಯಲ್ಲಿ ಹೊಗೆಯಾಡತೊಡಗಿತು. ಒಗಟು ಬಿಡಿಸುವ ಭರದಲ್ಲಿ ಯಾರಾದರೂ ಗುಟ್ಟು ಬಾಯಿಬಿಟ್ಟಾರು ಎಂದೇ ಅಪ್ಪನನ್ನು ಕಾಡಿ ಬೇಡಿ ಡಂಗುರ ಹೊಡೆಸಿದ್ದಳು.

ದೊರೆಯೂ ಮಗಳೂ ಕೂತಿದ್ದ ಒಳಸಾಲೆಗೆ ಬಂದವರನ್ನು ಒಬ್ಬೊಬ್ಬರಾಗಿ ಕರೆಸಿದರು. ಮೊದಲು ಬಂದವನು ಆಸ್ಥಾನ ಪಂಡಿತ ಶೇಷಾದ್ರಿ.

“ಯಾರೂ ಕರೆಯದೆ, ಯಾರೂ ಆರಿಸದೆ, ಎಲ್ಲರ ಮನೆಯಲ್ಲೂ ಯಜಮಾನನಾಗಿ ಕೂತ ಅತಿಥಿ ಯಾರು?”

“ಮೃತ್ಯು, ಅಮ್ಮಣ್ಣಿ.”

“ಮೃತ್ಯು ಬಂದು ಹೋಗುತ್ತದೆ, ಕೂರುವುದಿಲ್ಲ,” ಎಂದಳು ಹೊನ್ನಾಜಿ. ಭಟರು ಪಂಡಿತನನ್ನು ಸೆರೆಮನೆಗೆ ಎಳೆದೊಯ್ದರು.

ಎರಡನೆಯವನು ಕುದುರೆ ವ್ಯಾಪಾರಿ ಅಂಕೋಜಿ. ಮೊದಲನೆಯ ಒಗಟನ್ನು ಹೇಗೋ ದಾಟಿದ. ಅಷ್ಟು ಬೇಗ ದಾಟಿದ್ದೇ ಹೊನ್ನಾಜಿಗೆ ಅನುಮಾನ. “ಸಾವಿರ ತಾಯಂದಿರಿದ್ದೂ ಹಸಿದು ಅಳುವ ಮಗು ಯಾವುದು?” ಎಂದು ಕೇಳಿದಳು. ಅವನು ಕೋಗಿಲೆಯ ಮರಿ ಎಂದ. ಅವನೂ ಸೆರೆಮನೆ ಸೇರಿದ.

ಮೂರನೆಯವನು ಮಂತ್ರಿಯ ಮಗ ಜಯಕೀರ್ತಿ. ಎರಡನ್ನೂ ಬಿಡಿಸಿ ಮುಗುಳ್ನಕ್ಕ. ಹೊನ್ನಾಜಿ ಮೂರನೆಯದನ್ನು ಕೇಳಿದಳು: “ಬಾಗಿಲಿಗೆ ಬೀಗವಿಲ್ಲ, ಕಾವಲಿಲ್ಲ. ಒಳಗೆ ಎಲೆ ಹಾಕಿ ಬಡಿಸಿದೆ. ಆದರೂ ಹಸಿದು ಬಂದವರು ಹೊಸ್ತಿಲಿಂದಲೇ ಹಿಂದಿರುಗುತ್ತಾರೆ. ಯಾಕೆ?”

“ಬಿಟ್ಟಿ ಊಟದಲ್ಲಿ ವಿಷ ಇದ್ದೀತು ಅಂತ.”

ಅವಳು ಒಂದು ಗಳಿಗೆ ತಡೆದಳು. ಆಮೇಲೆ, “ತಪ್ಪು,” ಎಂದಳು.

ಅದಾದ ಮೇಲೆ ಅರಮನೆಯ ಕಡೆ ಯಾರೂ ತಲೆ ಹಾಕಲಿಲ್ಲ. ಅಮಾವಾಸ್ಯೆ ಹತ್ತಿರ ಬಂದಾಗ ಬಂದವನು ಕೆಂಚೀರ. ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಅಂಗಡಿಯವನು, ಬೆರಳೆಲ್ಲ ಮಸಿ.

“ನಿನ್ನನ್ನು ಕಳಿಸಿದ್ದು ಯಾರು? ಕೋಟೆಯವರೋ?”

“ಯಾರೂ ಕಳಿಸಲಿಲ್ಲ, ಅಮ್ಮಣ್ಣಿ. ಮಂತ್ರಿಗಳ ಮಗನ ಲಗ್ನಪತ್ರಿಕೆ ನಾನೇ ಅಚ್ಚು ಹಾಕಿದ್ದು. ಹೆಣ್ಣು ಅಂಗಡಿಗೆ ಬಂದು ಕಣ್ಣೀರು ಹಾಕಿತು. ಕೂತಿರಲಾರದೆ ಬಂದೆ.”

ನಟನೆ ಎಂದುಕೊಂಡು ಹೊನ್ನಾಜಿ ಮೊದಲನೆಯ ಒಗಟು ಕೇಳಿದಳು.

“ಅದು ಕೋಟೆ,” ಎಂದ ಕೆಂಚೀರ. “ಅದನ್ನು ಕೊಳ್ಳೋಣ ಅಂತ ಯಾರೂ ಹೋಗಲಿಲ್ಲ. ಕಂಪ್ಯೂಟರ್ ಕೊಂಡೆವು, ಸೊಸೆಯ ಜೊತೆ ಬೀಗರು ಬಂದ ಹಾಗೆ ಅದೂ ಬಂದು ಕೂತಿತು. ಕೂತವರನ್ನು ಎಬ್ಬಿಸೋದು ಸುಲಭವಾ?”

ದೊರೆ ತಲೆಯಾಡಿಸಿದ. ಹೊನ್ನಾಜಿ ಎರಡನೆಯದನ್ನು ಕೇಳಿದಳು.

“ಅದು ನಿಮ್ಮ ಅಂಗಳ. ಕಟ್ಟಿದ ಕೈ ಸಾವಿರ. ಆ ತಾಯಿ ಹಾಲು ಕುಡಿಸಿರ್ತಾಳೆ ಅಂತ ಈ ತಾಯಿ ಸುಮ್ಮನಾದಳು. ನಾನು ಅಂಗಳ ಹಾಕಿಕೊಂಡಾಗ ನನ್ನ ಪ್ರಿಂಟರ್ ಅದರ ಮಾತು ಕೇಳಲೇ ಇಲ್ಲ. ಹಳೆಯ ಪತ್ರಿಕೆ ತೆರೆದರೆ ಅಕ್ಷರವೆಲ್ಲ ಕಲಸುಮೇಲೋಗರ. ಹತ್ತು ಜನ ಹತ್ತು ದಾರಿ ಹೇಳಿದರು. ‘ಹೊಣೆ ನಂದು’ ಅಂದವರು ಒಬ್ಬರಿಲ್ಲ. ಬಾಗಿಲಲ್ಲಿ ಮದುವೆಯವರು ನಿಂತಿದ್ದರು. ಮತ್ತೆ ಕೋಟೆಗೇ ಹೋದೆ.”

ಬಿಟ್ಟುಹೋದವನೊಬ್ಬ ಕೊನೆಗೂ ಕೈಗೆ ಸಿಕ್ಕಿದ! ಹೊನ್ನಾಜಿಯ ಕಣ್ಣುಗಳು ಕಿರಿದಾದವು. ಇವನ ಬಾಯಿಂದಲೇ ಲಂಚದ ಮಾತು ಬೀಳುತ್ತದೆ ಎಂದುಕೊಂಡು ಮೂರನೆಯದನ್ನು ಕೇಳಿದಳು.

ಕೆಂಚೀರ ಕೈಮುಗಿದ. “ಅಮ್ಮಣ್ಣಿ, ಇದರ ಉತ್ತರ ನಿಮಗೆ ಗೊತ್ತಿದ್ದರೆ ಮೊದಲು ಮಹಾಸ್ವಾಮಿಯವರ ಕಿವಿಯಲ್ಲಿ ಹೇಳಿ. ಆಮೇಲೆ ನಾನು ಹೇಳ್ತೀನಿ.”

“ನನ್ನ ಮೇಲೇ ಅನುಮಾನವೇ?”

“ನಿಮಗೆ ಊರಿನವರ ಮೇಲೆಲ್ಲ ಅನುಮಾನ. ನನಗೆ ಇದೊಂದೇ.”

ದೊರೆ ಮಗಳತ್ತ ಕಿವಿ ಚಾಚಿದ. ಅವಳ ಬಳಿ ಹೇಳುವುದಕ್ಕೆ ಲಂಚದ ಗುಮಾನಿಯಲ್ಲದೆ ಏನೂ ಇರಲಿಲ್ಲ.

“ಗೊತ್ತಿಲ್ಲದ ಉತ್ತರಕ್ಕೆ ಮಂತ್ರಿಯ ಮಗನ ಜೀವ ಕೇಳಿದೆಯಾ ಮಗಳೇ?” ಎಂದ ದೊರೆ, ತೀರ ಮೆಲ್ಲಗೆ.

ಆಗ ಕೆಂಚೀರ ಹೇಳಿದ: “ಹೊಸ್ತಿಲಲ್ಲಿ ನಿಂತವನನ್ನು ನೋಡಿ ಒಳಗಿನವರು ನಕ್ಕರು, ಅದಕ್ಕೇ ತಿರುಗಿ ಹೋದ. ಪ್ರಿಂಟರಿನ ವಿಷಯ ಕೇಳೋಕೆ ನಾನು ಅಂಗಳದವರ ಸಭೆಗೆ ಬಂದಿದ್ದೆ. ‘ಎಲ್ಲ ತೆರೆದಿಟ್ಟಿದ್ದೀವಲ್ಲ, ಓದಿ ನೀನೇ ಸರಿಮಾಡಿಕೋ. ಇಷ್ಟೂ ಬಾರದವನಿಗೆ ಇದೆಲ್ಲ ಯಾಕೆ?’ ಅಂದರು. ಸಭೆಯೆಲ್ಲ ನಕ್ಕಿತು.”

“ಯಾರು ಹಾಗೆ ಅಂದವರು?” ಹೊನ್ನಾಜಿ ಕೆರಳಿ ಕೇಳಿದಳು.

“ನೀವೇ, ಅಮ್ಮಣ್ಣಿ.”

ಅವಳಿಗೆ ಇವನ ಮುಖ ನೆನಪಾಗಲಿಲ್ಲ. ನಕ್ಕದ್ದು ಮಾತ್ರ ನೆನಪಾಯಿತು.

“ಸರಿಯಾಗಿದೆ,” ಎಂದಳು. “ಏನು ಬೇಕೋ ಕೇಳು.”

ಕೆಂಚೀರ ಸೆರೆಯಲ್ಲಿದ್ದವರ ಪ್ರಾಣ ಬೇಡಿದ. ಅವರನ್ನು ಆ ಕ್ಷಣವೇ ಬಿಟ್ಟರು. ಅವನು ತನಗಾಗಿ ಏನೂ ಬೇಡದ್ದು ಕಂಡು ದೊರೆ ತಾನಾಗಿಯೇ ಆಜ್ಞೆ ಹೊರಡಿಸಿದ: ಮಾರುವ ಕಂಪ್ಯೂಟರಿನಲ್ಲಿ ಅಂಗಳವೂ ಇರಲಿ, ಆರಿಸುವುದು ಕೊಳ್ಳುವವರಿಗೆ ಬಿಟ್ಟದ್ದು, ಅಂಗಳದ ಹೊಣೆ ಇನ್ನು ಕೆಂಚೀರನದು, ಅವನು ಹೂಂ ಎನ್ನದೆ ಅದರ ಒಂದು ಹೊಸ ಸಾಲೂ ಹೊರಬೀಳಕೂಡದು.

ಕೆಂಚೀರ ತಲೆ ತುರಿಸಿಕೊಂಡ. “ಹಾಗಾದರೆ ಅಮ್ಮಣ್ಣಿಯವರು ನಾಳೆಯೇ ನಮ್ಮ ಅಂಗಡಿಗೆ ಬರಬೇಕಾಗ್ತದೆ, ಬುದ್ಧಿ.”

ಹೊನ್ನಾಜಿ ಹೋದಳು. ಪ್ರಿಂಟರಿನ ಮುಂದೆ ನೆಲದ ಮೇಲೇ ಕೂತು ಮೈಕೈ ಮಸಿ ಮಾಡಿಕೊಂಡಳು. ಮಧ್ಯಾಹ್ನ ಮದುಮಗಳ ತಂದೆಯೊಬ್ಬ ಬಂದು, ಇವಳು ಯಾರೆಂದು ತಿಳಿಯದೆ ತೆರೆಗೆ ಬೆರಳು ತಾಗಿಸಿ ಕೇಳಿದ: “ನಾನು ಬರೆಸಿದ್ದು ಎಲ್ಲಿ ಹೋಯ್ತವ್ವಾ? ಅಳಿಸಿಹೋಯ್ತಾ?”

ನಗೆ ಗಂಟಲವರೆಗೆ ಬಂತು. ಅವಳು ಅದನ್ನು ನುಂಗಿಕೊಂಡು ಪಕ್ಕದ ಮಣೆ ಎಳೆದಳು.

“ಎಲ್ಲೂ ಹೋಗಿಲ್ಲ. ಕೂತುಕೊಳ್ಳಿ ಯಜಮಾನರೇ, ತೋರಿಸ್ತೀನಿ.”