ಸೋಡಾ ಸೀಸೆಯೊಳಗೆ ಕಂಬಳಿ ಜಗಳ

ಗಲಾಟೆ ಬೇಡ. ಕುಳಿತು ಕೇಳಿ.

ಒಂದು ಸೋಡಾ ಸೀಸೆಯಲ್ಲಿ ಒಂದು ರಾಜ್ಯವಿತ್ತು. ಸೀಸೆಯ ಬಾಯಿಗೆ ಅಡ್ಡ ಕುಳಿತ ಗಾಜಿನ ಗೋಲಿಯೇ ಅದರ ರಾಜ. ಅವನೇ ರಾಜ, ಅವನೇ ಬಾಗಿಲು.

ಪ್ರಜೆಗಳು ಕಣ್ಣಿಗೆ ಕಾಣದಷ್ಟು ಸಣ್ಣವರು. ಎರಡು ಕುಲ. ನೀರಿನವರು, ಅನಿಲದವರು.

ನೀರಿನವರಲ್ಲಿ ನೀರವ್ವ ಹಿರಿಯಳು. ದಪ್ಪ ಮೈಯ ಆಮ್ಲಜನಕ. ಅವಳಿಗೆ ಜಲಜನಕದ ಪುಟಾಣಿ ಮಕ್ಕಳಿಬ್ಬರು. ಎಡಕ್ಕೊಂದು ಬಲಕ್ಕೊಂದು ಅಲ್ಲ, ಎರಡೂ ಒಂದೇ ಮಗ್ಗುಲಿಗೆ ವಾಲಿಕೊಂಡಿದ್ದವು. ಹಾಗಾಗಿ ಸಂಸಾರವೇ ಡೊಂಕು. ಒಂದೊಂದು ಮಗುವಿಗೂ ಅವ್ವನಿಗೂ ಸೇರಿ ಒಂದೊಂದು ಕಂಬಳಿ. ನೀರವ್ವ ಎರಡನ್ನೂ ತನ್ನತ್ತ ಎಳೆದುಕೊಳ್ಳುವಳು. ಬೇಕೆಂದಲ್ಲ, ಹುಟ್ಟುಗುಣ.

"ಅವ್ವಾ, ಚಳಿ!"

"ಪಕ್ಕದ ಮನೆಯ ಕಂಬಳಿ ಅಂಚು ಹಿಡ್ಕೊಳ್ರೋ."

ಪಕ್ಕದ ಅವ್ವನ ಬೆನ್ನ ಮೇಲೂ ಕಂಬಳಿಯ ರಾಶಿ. ಮಕ್ಕಳು ಅದರ ಅಂಚು ಹಿಡಿಯುವರು. ಆ ಮನೆಯ ಮಕ್ಕಳು ಆಚೆ ಮನೆಯ ಅಂಚು. ಹೀಗೆ ಊರಿಗೆ ಊರೇ ಒಬ್ಬರಿಗೊಬ್ಬರು ಜೋತುಬಿದ್ದು ಬಾಳುತ್ತಿತ್ತು.

ಅನಿಲದವರ ಹಿರಿಯ ನೆಟ್ಟಪ್ಪ. ರಾಜನ ಮಂತ್ರಿ. ನಡುವೆ ಬಡಕಲು ಇಂಗಾಲ, ಆಚೆಗೊಬ್ಬ ಈಚೆಗೊಬ್ಬ ದಪ್ಪ ಆಮ್ಲಜನಕ. ಈ ಮೂವರೂ ಸೇರಿಯೇ ಒಬ್ಬ ನೆಟ್ಟಪ್ಪ, ಕೋಲಿನ ಹಾಗೆ ನೆಟ್ಟಗೆ. ಅಲ್ಲೂ ಕಂಬಳಿ ಎಳೆದಾಟ ಇತ್ತು. ಆದರೆ ಎಡದವನು ಎಳೆದಷ್ಟೇ ಬಲದವನೂ ಎಳೆಯುವನು. ಸಂಸಾರ ಯಾವ ಕಡೆಗೂ ವಾಲದು. ಅದೇ ಅವನ ಜಂಬ.

ಒಂದು ದಿನ ಅವನು ರಾಜನಿಗೆ ಹೇಳಿದ: "ಪ್ರಭು, ಈ ಡೊಂಕರು ಕಳ್ಳರು. ನೆರೆಮನೆ ಕಂಬಳಿಗೆ ಕೈ ಹಾಕ್ತಾರೆ."

ಅನಿಲದವರು ಕೆಳಗಿನಿಂದ ಒತ್ತುವುದರಿಂದಲೇ ಗೋಲಿರಾಜ ಮೇಲೆ ಕುಳಿತಿದ್ದ. ಎದುರಾಡುವುದು ಹೇಗೆ? "ಕೈ ಬಿಡಿ" ಎಂದು ಅಪ್ಪಣೆ ಕೊಟ್ಟ.

ಮಕ್ಕಳು ಕೈ ಬಿಟ್ಟವು. ಬಿಟ್ಟ ಕೈ ಇನ್ನೊಂದು ಮನೆಯ ಅಂಚು ಹಿಡಿಯಿತು.

ನೆಟ್ಟಪ್ಪ ಮತ್ತೆ ದೂರಿದ. ರಾಜ ಮತ್ತೆ ಗದರಿದ. ಮತ್ತೆ ಬಿಟ್ಟವು. ಮತ್ತೆ ಹಿಡಿದವು.

ಮೂರನೆಯ ಸಲ ನೆಟ್ಟಪ್ಪ ಗಡಿಪಾರು ಕೇಳಿದ. "ಒಬ್ಬೊಬ್ಬರನ್ನೇ ಬಿಡಿಸಿ ಆಚೆ ತಳ್ಳಿ, ಪ್ರಭು. ಸೀಸೆ ನಮಗಿರಲಿ."

ನೀರವ್ವ ಗಾಜಿನಾಚೆ ನೋಡಿದಳು. ಹೊರಗೆ ಉರಿಬಿಸಿಲು. ಒಂಟಿಯಾಗಿ ಹೋದರೆ ಮಕ್ಕಳ ಕೈಗೆ ಯಾವ ಅಂಚೂ ಸಿಗದು. ಆವಿಯಾಗಿ ಚೆದುರಿಹೋಗುವುದೇ.

ಆದರೂ ಅವಳು ರಾಜನಿಗೆ ಹೇಳಿದಳು:

"ಆಗಲಿ ಪ್ರಭು. ಬಾಗಿಲು ತೆಗೀರಿ. ಆದ್ರೆ ನಮ್ಮನ್ನ ಬಿಡಿಸೋವಾಗ ಮಂತ್ರಿಗಳ ಕಡೆಯವರು ಯಾರನ್ನೂ ಹಿಡ್ಕೋಬಾರದು. ಹಿಡಿಯೋದು ಕಳ್ಳತನ ಅಂದೋರು ಅವರೇ."

ನೆಟ್ಟಪ್ಪ ನಕ್ಕ. "ಹಿಡಿಯೋದಾ? ನಮ್ಮ ವಂಶದಲ್ಲೇ ಇಲ್ಲ, ಮುದುಕಿ!"

"ಅಣ್ಣಾ, ಒಂಚೂರು ಯೋಚನೆ ಮಾಡು" ಎಂದ ನಡುವಿನ ಇಂಗಾಲ.

"ನೀನು ಸುಮ್ನಿರೋ!" ಎಂದರು ಅವನ ಎರಡೂ ಪಕ್ಕದ ಆಮ್ಲಜನಕದವರು.

ಗೋಲಿರಾಜ ಮೈ ಬಿಗಿಹಿಡಿದು ಒಂಚೂರು ಕೆಳಕ್ಕೆ ಜಗ್ಗಿದ.

ಪಿಸ್ಸ್ಸ್!

ನೀರಿನವರು ಹಿಡಿದ ಕೈ ಹಿಡಿದಂತೆಯೇ ಕುಳಿತರು. ಅನಿಲದವರು ಗುಳ್ಳೆಗಟ್ಟಿ ಮೇಲಕ್ಕೆ ಹಾರಿದರು. ಎಲ್ಲರಿಗಿಂತ ಮುಂದೆ ನೆಟ್ಟಪ್ಪ.

"ಅವ್ವಾ! ಹಿಡ್ಕೊಳ್ಳವ್ವಾ!" ಎಂದು ಅವನೇ ಕೂಗಿದ.

"ಎಲ್ಲಿ ಅಂತ ಹಿಡೀಲಪ್ಪಾ? ಆ ಕಡೆನೂ ಒಂದೇ, ಈ ಕಡೆನೂ ಒಂದೇ. ನೀನು ಯಾವ ಕಡೆಗೂ ವಾಲೋನಲ್ಲ!"

ನೆಟ್ಟಪ್ಪ ನೆಟ್ಟಗೇ ಹೋದ. ಮತ್ತೆ ಬರಲಿಲ್ಲ. ಅವನ ಕುಲದ ಒಬ್ಬಿಬ್ಬರು ಮೂಲೆಯಲ್ಲಿ ಹೇಗೋ ಉಳಿದರು.

ಒತ್ತುವವರು ಹೋದ ಮೇಲೆ ರಾಜನಿಗೇನು ಆಸರೆ? ಟಣ್ಣೆಂದು ಕೆಳಗಿಳಿದು ಸೀಸೆಯ ಕುತ್ತಿಗೆಯಲ್ಲಿ ಸಿಕ್ಕಿಕೊಂಡ.

"ನೀರವ್ವ, ಸೋಡಾ ಚಪ್ಪೆಯಾಯಿತಲ್ಲ!"

"ಆಗಲಿ ಬಿಡಿ ಪ್ರಭು. ಬಾಯಾರಿಕೆ ತೀರಿಸೋರು ನಾವಿದ್ದೀವಿ."

ಮಕ್ಕಳು ಮತ್ತೆ ಕೂಗಿದವು: "ಅವ್ವಾ, ಕಂಬಳಿ ಎಳೀಬೇಡ!" ನೀರವ್ವ ಎಳೆದೇ ಎಳೆದಳು.

ನೀತಿ ಇಷ್ಟೇ. ಕೊರತೆ ಇದ್ದವನೇ ಪಕ್ಕದವನ ಕೈ ಹಿಡಿಯುತ್ತಾನೆ. ಅದನ್ನು ಕಳ್ಳತನ ಎನ್ನಬೇಡಿ. ಯಾರೂ ಬೇಡ ಎಂದು ನೆಟ್ಟಗೆ ನಿಂತವನಿಗೆ ಬಾಗಿಲು ತೆರೆದ ದಿನ ಹಿಡಿಯಲು ಒಂದು ಅಂಚೂ ಸಿಗುವುದಿಲ್ಲ.

ಹೇಳುವುದು ಮುಗಿಯಿತು. ಏಳಿ.