ಹಾಡು ತುಂಡಾಗದ ಓಟ

"ಗುರುಗಳೇ, ಮೊದಲ ನಾಲ್ಕು ತಿಂಗಳು ಬುನಾದಿ ಹಾಕುವ ಕಾಲ, ಮಾತಾಡುತ್ತ ಓಡುವಷ್ಟು ನಿಧಾನವಿರಲಿ ಎಂದವರು ನೀವೇ. ಈಗ ಎರಡನೇ ತಿಂಗಳಿಗೇ ವಾರಕ್ಕೊಂದು ಟೆಂಪೋ ಓಟ ಸೇರಿಸಿದ್ದೀರಿ. ಪೂರ್ತಿ ಜೋರು ಬೇಡ, ಆದರೆ ಮಾತು ತುಂಡಾಗುವಷ್ಟು ಬಿರುಸಾಗಿ ಇಪ್ಪತ್ತು ನಿಮಿಷ ಓಡು ಎನ್ನುತ್ತೀರಿ. ನಾನು ಯಾವುದನ್ನು ನಂಬಲಿ?" ಎಂದು ಶಿವಲೀಲಾ ಕೇಳಿದಳು. ದೂರದ ಓಟದ ಆಯ್ಕೆಗೆ ಅವಳಿಗಿದ್ದದ್ದು ಇದೊಂದೇ ವರ್ಷ. ಅವಳ ತಲೆ ಗೊಂದಲದ ಗೂಡಾಗಿತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ಅಂಚೆ ಓಟಗಾರನಿದ್ದ. ಮೇಲಿನ ಊರಿನಿಂದ ಕೆಳಗಿನ ಊರಿಗೆ ಮೂರು ಹರದಾರಿ ದಾರಿ. ದಿನವೂ ಟಪಾಲು ಹೊತ್ತು ಓಡುವುದು ಅವನ ಕೆಲಸ. ಓಟ ಕಲಿಸಿದ ಮುದುಕ ಅವನಿಗೆ ಒಂದೇ ಮಾತು ಹೇಳಿದ್ದ: ಹಾಡು ಹೇಳುತ್ತ ಓಡು, ಹಾಡು ತುಂಡಾದರೆ ನಿಧಾನಿಸು. ಹನ್ನೆರಡು ವರ್ಷ ಅವನು ಹಾಗೇ ಓಡಿದ. ಒಂದು ದಿನವೂ ತಪ್ಪಿಸಲಿಲ್ಲ. ಜನ ಹೊಗಳಿದರು, ಅವನೂ ಉಬ್ಬಿದ. ಉಬ್ಬದೆ ಇರಲು ಅವನೇನು ಸಂನ್ಯಾಸಿಯೇ?

ಒಂದು ಮಧ್ಯಾಹ್ನ ಮೇಲಿನ ಊರಿನ ಕೆರೆಯ ಏರಿ ಬಿರುಕು ಬಿಟ್ಟಿತು. ಏರಿ ಒಡೆಯುವ ಮೊದಲು ಕೆಳಗಿನ ಊರಿಗೆ ಸುದ್ದಿ ಮುಟ್ಟಬೇಕು. ಅಲ್ಲೇ ಅವನ ಹೆಂಡತಿ, ಇಬ್ಬರು ಮಕ್ಕಳು ಇದ್ದರು. ಅವನು ಹಾಡು ಬಿಟ್ಟು ಬಿರುಸಾಗಿ ಓಡಿದ.

ಒಂದು ಹರದಾರಿ ಮುಗಿಯುವ ಮೊದಲೇ ಉಸಿರು ಮೇಲೇರಿತು. ಎದೆ ಡವಡವ ಹೊಡೆದುಕೊಂಡಿತು. ಕಾಲಿಗೆ ಏನೂ ಆಗಿರಲಿಲ್ಲ. ಆದರೆ ಹನ್ನೆರಡು ವರ್ಷದಲ್ಲಿ ಅವನು ಏದುಸಿರು ಬಿಟ್ಟವನಲ್ಲ. ಇದು ದಣಿವೋ ಸಾವೋ ಅವನಿಗೆ ತಿಳಿಯಲಿಲ್ಲ. ಹೆದರಿ ಒಂದು ಹುಣಸೆಮರದ ಕೆಳಗೆ ಕುಸಿದು ಕೂತ.

ಬಹಳ ಹೊತ್ತಾದ ಮೇಲೆ ಕುರಿ ಹೊಡೆದುಕೊಂಡು ಬಂದ ಕುರುಬನೊಬ್ಬ ಕೇಳಿದ:

"ಏನಾಯ್ತಪ್ಪಾ?"

"ಪ್ರಾಣ ಹೋಗ್ತಾ ಇದೆ ಕಣಣ್ಣ. ಓಡಿದ್ರೆ ಎದೆ ಒಡೆಯೋ ಹಾಗಾಗುತ್ತೆ."

"ಜೋರಾಗಿ ಓಡಿದ್ರೆ ಎಲ್ರಿಗೂ ಹಾಗೇ ಆಗುತ್ತೆ ಮಾರಾಯ!"

ಅವನಿಗೆ ನಂಬಿಕೆ ಬರಲಿಲ್ಲ. ಆದರೂ ಎದ್ದು ಓಡಿದ. ಉಸಿರು ಮತ್ತೆ ಮೇಲೇರಿತು, ಅವನು ಸಾಯಲಿಲ್ಲ. ಆದರೆ ಅವನು ತಲುಪುವಷ್ಟರಲ್ಲಿ ನೀರು ಊರು ಹೊಕ್ಕಾಗಿತ್ತು. ಹೆಂಡತಿ ಮಕ್ಕಳು ಸಿಗಲಿಲ್ಲ.

ಕತೆ ಮುಗಿಯಿತು. ಶಿವಲೀಲಾಳ ಗೊಂದಲ ಮುಗಿಯಲಿಲ್ಲ, ಇನ್ನೂ ಹೆಚ್ಚಿತು. ಪಾಪ, ಹೇಳಿದಂತೆ ಕೇಳಿದವನಿಗೇ ಹೀಗಾಯಿತಲ್ಲ ಎಂದು ಅವಳಿಗೆ ಸಂಕಟವೂ ಆಯಿತು.

"ಹಾಗಾದರೆ ಆ ಮುದುಕ ಕಲಿಸಿದ್ದು ತಪ್ಪೇ, ಗುರುಗಳೇ?"

"ತಪ್ಪಲ್ಲ, ಅವನ ಕಾಲು ಗಟ್ಟಿಯಾದದ್ದು ಅದರಿಂದಲೇ," ಎಂದ ಗುರುಗಳು ಅವಳ ಮುಖ ನೋಡಿ ಕೇಳಿದರು: "ಇವತ್ತು ಟೆಂಪೋ ಓಟದಲ್ಲಿ ನೀನು ಎಂಟನೇ ನಿಮಿಷಕ್ಕೇ ನಿಂತೆಯಲ್ಲ ತಾಯಿ, ಕಾಲು ಸೋತಿತ್ತೋ, ಹೆದರಿದೆಯೋ?"