ಬಾವಿಯಷ್ಟು ಉದ್ದದ ಹಾಡು

"ಬುದ್ಧಿ, ಹುಟ್ಟಿದ ಊರನ್ನು ಮರೆಯುವುದು ಹೇಗೆ?" ಎಂದು ಕರಿಬಸವ ಗುರುಗಳನ್ನು ಕೇಳಿದ.

ಬೆಟ್ಟದ ಕಡೆಯಿಂದ ಬಂದು ಮಠ ಸೇರಿದ ಹೊಸ ಶಿಷ್ಯ ಅವನು. ಅಂಗಳ ಗುಡಿಸುವಾಗ ಅವನ ಬಾಯಿಗೆ ಊರಿನ ಸುಗ್ಗಿ ಹಾಡು ತಾನಾಗಿ ಬರುತ್ತಿತ್ತು. ಉಳಿದ ಶಿಷ್ಯರು ಕಿಸಿಕಿಸಿ ನಗುತ್ತಿದ್ದರು. ಕಾವಿ ಉಡಬೇಕಾದವನಿಗೆ ಊರೂ ಇರಬಾರದು, ಊರ ಹಾಡೂ ಇರಬಾರದು ಎಂದು ಹಿರಿಯ ಶಿಷ್ಯನೊಬ್ಬ ಗದರಿದ್ದ. ಅಂದಿನಿಂದ ಕರಿಬಸವ ಬಾಯಿಗೆ ಬೀಗ ಹಾಕಿಕೊಂಡಿದ್ದ. ಹಾಡು ನಿಂತಿತ್ತು, ಊರು ಮನಸ್ಸಿನಿಂದ ಹೋಗಿರಲಿಲ್ಲ.

ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇಲ್ಲಿಗೆ ಕಲಿಯೋಕೆ ಬಂದೆಯೋ, ಮರೆಯೋಕೆ ಬಂದೆಯೋ? ಕೂತುಕೋ" ಎಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಊರಿನ ಕೆಳಗೆ ಅರಸ ಕೆರೆ ಕಟ್ಟಿಸಿದ. ಅರಸನಿಗೆ ಹೆಸರು ಬಂತು, ಊರು ನೀರಿನ ಪಾಲಾಯಿತು. ರೈತ ಹೆಂಡತಿ ಮಕ್ಕಳನ್ನು ಕರೆದುಕೊಂಡು, ಜೋಡಿ ಎತ್ತುಗಳನ್ನು ಹೊಡೆದುಕೊಂಡು ದೂರದ ಇನ್ನೊಂದು ಊರಿಗೆ ಬಂದ. ಅಲ್ಲಿನ ಗೌಡ ಅವನಿಗೆ ತುಂಡು ಹೊಲ ಕೊಟ್ಟ. ಪಕ್ಕದ ಬಾವಿಯಿಂದ ಕಪಿಲೆ ಹೊಡೆದು ನೀರು ಹಾಯಿಸಿಕೊ ಎಂದ.

ಕಪಿಲೆ ಹೊಡೆಯುವುದನ್ನು ನೀನು ನೋಡಿರುತ್ತೀಯ. ತೊಗಲಿನ ಬಾನಿಯನ್ನು ಬಾವಿಗೆ ಇಳಿಬಿಟ್ಟು ಅದರ ಹಗ್ಗವನ್ನು ನೊಗಕ್ಕೆ ಕಟ್ಟುತ್ತಾರೆ. ಹೊಡೆಯುವವನು ಹಾಡು ಶುರು ಮಾಡಿದರೆ ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆಯುತ್ತವೆ, ಬಾನಿ ಮೇಲೆ ಬರುತ್ತದೆ. ಹಾಡು ಮುಗಿದರೆ ಹಿಂದಕ್ಕೆ ಹೆಜ್ಜೆ ಇಡುತ್ತವೆ, ಬಾನಿ ಕೆಳಗೆ ಹೋಗುತ್ತದೆ. ಹೀಗಾಗಿ ಬಾವಿ ಎಷ್ಟು ಆಳವೋ ಹಾಡು ಅಷ್ಟೇ ಉದ್ದ.

ರೈತನ ಹಾಡಿನಲ್ಲಿ ಇದ್ದದ್ದು ಅವನ ಊರೇ. ಊರ ಬಾಗಿಲ ಬೇವು, ಕರಿಕಲ್ಲ ದಿಬ್ಬ, ದಿಬ್ಬದ ಬುಡದ ಗುಡಿಯ ತಾಯಿ. ಎಲ್ಲವೂ ಈಗ ನೀರಿನಡಿ. ಅವನ ಎತ್ತುಗಳಿಗೆ ಆ ಹಾಡೊಂದೇ ಗೊತ್ತು.

ಮೊದಲ ದಿನವೇ ಅವಮಾನವಾಯಿತು. ಹೊಸ ಊರಿನ ಬಾವಿ ಬಹಳ ಆಳ. ಹಾಡು ಮುಗಿದಾಗ ಬಾನಿ ಇನ್ನೂ ನಡುಬಾವಿಯಲ್ಲಿತ್ತು. ಎತ್ತುಗಳು ತಮ್ಮ ಕೆಲಸವಾಯಿತೆಂದು ಹಿಂದಕ್ಕೆ ಸರಿದವು. ರೈತ ರಾಗ ಎಳೆದು ನೋಡಿದ. ಅವು ಮೋಸ ಹೋಗಲಿಲ್ಲ. ನೋಡುತ್ತಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಗೌಡ ಹೇಳಿದ: "ನಿನ್ನೂರೇ ಇಲ್ಲ, ಅದರ ಹಾಡು ಕಟ್ಕೊಂಡು ಏನ್ಮಾಡ್ತೀಯೋ? ನನ್ನ ಎತ್ತು ಕೊಡ್ತೀನಿ, ನಮ್ಮೂರ ಹಾಡು ಕಲಿ. ನಾಳೆ ಬೆಳಿಗ್ಗೆ ಕಾಲುವೇಲಿ ನೀರು ಹರೀಲಿಲ್ಲ ಅಂದ್ರೆ ಹೊಲ ಬಿಟ್ಟು ನಡಿ."

"ಊರು ಮುಳುಗ್ಸಿದ್ದು ಅರಸು, ಗೌಡ್ರೆ. ಹಾಡು ಮುಳುಗ್ಸೋಕೆ ನಾನೇ ಬೇಕಾ? ಆಗಾಕಿಲ್ಲ" ಎಂದ ರೈತ.

ಅಂದೇನೋ ಬಿಟ್ಟ. ಆದರೆ ಹೊಲದಲ್ಲಿ ರಾಗಿ ಪೈರು ಬಾಡುತ್ತಿತ್ತು, ಹೊಲ ಹೋದರೆ ಮಕ್ಕಳ ಅನ್ನ ಹೋಗುತ್ತಿತ್ತು. ಬರೀ ಹಠಕ್ಕೆ ನೀರು ಮೇಲೆ ಬರುವುದಿಲ್ಲ. ಸಂಜೆ ಅವನು ಹೊಸ ಊರನ್ನು ಒಂದು ಸುತ್ತು ಹಾಕಿದ. ಬಂದಾಗಿನಿಂದ ಸಿಟ್ಟಿನಲ್ಲಿ ಅದನ್ನು ಕಣ್ಣೆತ್ತಿ ನೋಡಿರಲಿಲ್ಲ. ಊರ ಮುಂದಿನ ಒಂಟಿ ಹುಣಸೆಯನ್ನು ನೋಡಿದ. ಬಾವಿಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳನ್ನು ಮುಟ್ಟಿದ. ಇಲ್ಲಿಯೂ ಯಾರದೋ ಅಜ್ಜಂದಿರು ಬೆವರು ಸುರಿಸಿದ್ದರು.

ಬೆಳಿಗ್ಗೆ ತಮಾಷೆ ನೋಡಲು ಊರೆಲ್ಲ ಸೇರಿತು. ರೈತ ತನ್ನ ಹಳೆಯ ಹಾಡನ್ನೇ ಶುರು ಮಾಡಿದ. ಒಂದು ಅಕ್ಷರ ಬಿಡಲಿಲ್ಲ. ಅದು ಮುಗಿಯುವಲ್ಲಿ ನಿಲ್ಲಿಸದೆ ಹೊಸದೊಂದು ಸಾಲು ಸೇರಿಸಿದ: "ಒಂಟಿ ಹುಣಸೆಯ ಊರಿದು, ಬಾವಿ ಆಳ ಕಾಣೋ ಬಸವ, ಇನ್ನಷ್ಟು ದೂರ ನಡಿಯೋ." ಎತ್ತುಗಳು ಕಿವಿ ನಿಮಿರಿಸಿದವು, ಆಮೇಲೆ ನಡೆದವು. ಬಾನಿ ಮೇಲೆ ಬಂತು, ನೀರು ಕಾಲುವೆಗೆ ಬಿತ್ತು.

ಗೌಡನಿಗೆ ಇದನ್ನೂ ಸಹಿಸಲಾಗಲಿಲ್ಲ. "ನಮ್ಮೂರನ್ನ ಬಾಲಕ್ಕೆ ಕಟ್ಟಿದ್ದೀಯ. ಮೊದಲಿಗೆ ಹಾಕು" ಎಂದ.

ರೈತ ಎತ್ತಿನ ಬೆನ್ನು ಸವರಿದ. "ಇವು ಮೊದಲ ಹೆಜ್ಜೆ ಕಲ್ತದ್ದು ಅಲ್ಲಿ, ಗೌಡ್ರೆ. ಅದನ್ನ ತೆಗೆದ್ರೆ ನಿಮ್ಮೂರ ಗಂಟ ಬರೋದೇ ಇಲ್ಲ."

ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಗೌಡ ಹೊಲ ಬಿಡು ಎನ್ನದೆ ಮನೆ ಕಡೆ ನಡೆದ.

ಗುರುಗಳು ಕತೆ ನಿಲ್ಲಿಸಿದರು. ಕರಿಬಸವ, "ಅದು ಹೊಲಕ್ಕೆ ನೀರು ಹಾಯಿಸುವವನ ಮಾತಾಯಿತು ಬುದ್ಧಿ. ದೇವರನ್ನು ಹುಡುಕಿಕೊಂಡು ಬಂದವನಿಗೆ ಊರ ಹಾಡು ಯಾಕೆ?" ಎಂದ.

ಗುರುಗಳಿಗೆ ಸಿಟ್ಟೇ ಬಂತು.

"ನೀನು ಬಂದಿರುವುದು ಅದಕ್ಕಿಂತ ಆಳದ ಬಾವಿಗೆ, ಇರುವ ಹಗ್ಗವನ್ನೂ ಕೊಯ್ದುಕೊಂಡು ಕೂತರೆ ಯಾವುದರಿಂದ ಸೇದುತ್ತೀಯಪ್ಪ?"